ಎಡಗಡೆಯ ಜಾಗ

೧೬ ಮೇ ೨೦೦೨

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೆ ಬೆಳಿಗ್ಗೆಯಿಂದ ಅಂಗಡಿಯಲ್ಲಿ ಕೂತರೂ ನಿನ್ನೆಯದೇ ತಲೆಯಲ್ಲಿ ಸುತ್ತುತ್ತಿದೆ.

ಬಸವ ಜಯಂತಿಯ ದಾಸೋಹದಲ್ಲಿ ಸಿಹಿ ಹುಗ್ಗಿ ಬಡಿಸುವವನು ನಾನು. ಪುಣೆಯ ಧನಕವಡಿಯಲ್ಲಿ ಸೀರೆ ಅಂಗಡಿ ಹಾಕಿದಾಗಿನಿಂದ ಈ ಕೆಲಸ ನನ್ನದು, ಬೇರೆ ಯಾರೂ ಆ ಬಕೆಟ್ಟಿಗೆ ಕೈ ಹಾಕುವುದಿಲ್ಲ. ಅನ್ನ ಬಡಿಸುವವನನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ, ಹುಗ್ಗಿ ಬಡಿಸುವವನನ್ನು ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ. ನಿನ್ನೆ ಎರಡನೇ ಪಂಕ್ತಿಯಲ್ಲಿ ಹೋಗುತ್ತಿದ್ದಾಗ ಎಡ ಅಂಗಾಲಿಗೆ ಬಿಸಿ ತಗುಲಿತು. ಬಗ್ಗಿ ನೋಡಿದರೆ ನನ್ನ ಕಾಲು ರಂಗೂಬಾಯಿಯ ತಾಟಿನೊಳಗಿತ್ತು. ಅನ್ನ, ಸಾರು, ಬದನೆಕಾಯಿ ಪಲ್ಯ, ಎಲ್ಲದರ ಮೇಲೆ.

ರಂಗೂಬಾಯಿ ನಮ್ಮ ಸಮಾಜದ ಹೆಂಗಸರಿಗೆಲ್ಲ ಹಿರಿಯಳು, ಮಾತಿನಲ್ಲಿ ಯಾರಿಗೂ ಬಗ್ಗುವವಳಲ್ಲ. ಕಾಲು ತೆಗೆದು ತಪ್ಪಾಯಿತು ಅನ್ನುವುದು ಬಿಟ್ಟು ನಾನು ಅವಳ ಮೇಲೆಯೇ ರೇಗಿದೆ.

"ತಾಟು ದಾರ್ಯಾಗ ಇಟ್ಕೊಂಡು ಕುಂದರ್ತಾರೇನ್ರಿ?"

ಅವಳು ದನಿ ಏರಿಸಲಿಲ್ಲ. "ತಾಟು ಸಾಲಿನ್ಯಾಗ ಅದ ಸಿದ್ರಾಮಪ್ಪನವರ. ಸಾಲು ಬಿಟ್ಟವರು ನೀವು."

ಬ್ಯಾಂಕಿನಿಂದ ನಿವೃತ್ತನಾದ ಅಂಬಣ್ಣ ಎದ್ದು ಬಂದು ನನ್ನ ಕೈಯಿಂದ ಬಕೆಟ್ಟು ಇಸಿದುಕೊಂಡ. ನನ್ನ ಹೆಂಡತಿ ಶಿವಗಂಗವ್ವ ತಂಬಿಗೆಯಲ್ಲಿ ನೀರು ತಂದು ಮೂಲೆಯಲ್ಲಿ ನನ್ನ ಕಾಲು ತೊಳೆದಳು. ಅನ್ನದ ಅಗಳು ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ಮನೆಗೆ ಬರುವಾಗ ಎಂದಿನಂತೆ ನಾನು ಮುಂದೆ, ಅವಳು ಹಿಂದೆ.

೨ ಜೂನ್

ಅಮರ ಇಂದು ಗಿರಾಕಿಗಳ ಎದುರೇ ನನಗೆ ಬುದ್ಧಿ ಹೇಳಿದ. ಮಗ ಅಂದಮೇಲೆ ಅಂಗಡಿ ಇಬ್ಬರದೂ ಹೌದು, ಆದರೂ ಒಂದು ರೀತಿ ನೀತಿ ಬೇಡವೇ. ಮರಾಠಿ ಹೆಂಗಸೊಬ್ಬಳು ಕುಪ್ಪಸದ ಖಣದ ತುಂಡು ಹಿಡಿದು ನನ್ನ ಪಕ್ಕದಲ್ಲಿ ಬಹಳ ಹೊತ್ತು ನಿಂತಿದ್ದಳಂತೆ. ನಾನು ತಿರುಗಿಯೂ ನೋಡಲಿಲ್ಲವಂತೆ.

"ಅಪ್ಪಾ, ನಿನ್ನ ಕಣ್ಣು ಒಂದ್ಸಲ ತೋರಿಸ್ಕೊ."

ನನ್ನ ಕಣ್ಣಿಗೆ ಏನಾಗಿದೆ? ಬೆಳಿಗ್ಗೆ ಪೂಜೆಗೆ ಕೂತಾಗ ಅಂಗೈಯ ಲಿಂಗದ ಮೇಲೆ ವಿಭೂತಿಯ ಒಂದೊಂದು ಕಣ ಕಾಣುತ್ತದೆ. ಇಳಕಲ್ ಸೀರೆಯ ಸೆರಗಿನ ಜೋಡಣೆಯಲ್ಲಿ ಒಂದು ಎಳೆ ತಪ್ಪಿದರೂ ಹಿಡಿಯುತ್ತೇನೆ. ಲಿಂಗ ಕಾಣುವ ಕಣ್ಣಿಗೆ ಗಿರಾಕಿ ಕಾಣುವುದಿಲ್ಲವೇ? ಆ ಹೆಂಗಸು ಕರೆಯಬೇಕಿತ್ತು.

ಮನೆಯಲ್ಲಿ ಇವಳೂ ಈಚೆಗೆ ಒಂಥರಾ ಆಗಿದ್ದಾಳೆ. ಚಹಾ ತಂದು ಇಟ್ಟು ಹೋಗಿಬಿಡುತ್ತಾಳೆ, ಬಟ್ಟಲು ಇಟ್ಟದ್ದು ಕೂಡ ಹೇಳುವುದಿಲ್ಲ. ಆರಿದ ಮೇಲೆ ನನಗೆ ಗೊತ್ತಾಗುತ್ತದೆ.

೨೧ ಜೂನ್

ಚಾಳೀಸು ಬದಲಿಸಲು ಹೋದವನನ್ನು ಕನ್ನಡಕದ ಅಂಗಡಿಯವನು ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದ. ಡಾಕ್ಟರ್ ಪರಚುರೆ ಅಂತ, ಅಮರನ ವಯಸ್ಸಿನ ಹೆಣ್ಣುಮಗಳು. ನನ್ನ ಗದ್ದವನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರಕ್ಕೆ ಆನಿಸಿ, ಚುಕ್ಕಿ ಬೆಳಗಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಒಂದೆರಡು ಚುಕ್ಕಿ ಬಂದವು, ಆಮೇಲೆ ಏನೂ ಇಲ್ಲ. ನಾನು ಕಾದೆ ಕಾದೆ. ಕೊನೆಗೆ ಅಲ್ಲಿದ್ದ ಹುಡುಗಿಗೆ "ಮಶೀನ್ ಬಂದ್ ಪಡಲೀ ಕಾ", ಯಂತ್ರ ನಿಂತುಹೋಯಿತೇ ಅಂತ ಕೇಳಿದೆ. ಯಂತ್ರ ನಡೆಯುತ್ತಲೇ ಇತ್ತು.

ಹೊರಬಂದ ಕಾಗದದಲ್ಲಿ ಎಡಗಣ್ಣಿನ ಚಿತ್ರ ಬಹುತೇಕ ಕಪ್ಪು, ನಡುವೆ ಚಿಕ್ಕ ಬೆಳಕು. ಬಲಗಣ್ಣಿನದು ಮೂಗಿನ ಕಡೆ ಕಪ್ಪು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ನನಗೆ ಗೊತ್ತು, ಇದು ಕಾಚಬಿಂದು. ಗ್ಲಾಕೋಮಾ. ಕಣ್ಣಿನೊಳಗಿನ ನೀರು ಹೊರಹೋಗುವ ಕಡೆ ಒಂದು ಜರಡಿ ಇರುತ್ತದಂತೆ. ನನಗೆ ಆ ದಾರಿ ತೆರೆದೇ ಇದೆ, ಜರಡಿ ಮಾತ್ರ ಕಟ್ಟಿಕೊಂಡಿದೆ. ಒಳಗೆ ಒತ್ತಡ ಏರಿ ನರ ಒಣಗುತ್ತಿದೆ. ನೋವು ಇಲ್ಲ, ಕೆಂಪು ಇಲ್ಲ.

"ಹಾಗಾದರೆ ನನಗೆ ಕತ್ತಲು ಕಾಣಬೇಕಲ್ಲ?" ಅಂದೆ.

ಕಾಣದ ಜಾಗವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ, ಅದಕ್ಕೇ ಬಹಳ ಜನ ಇಷ್ಟು ತಡವಾಗಿ ಬರುತ್ತಾರೆ ಅಂತ ಡಾಕ್ಟರು ಮರಾಠಿಯಲ್ಲಿ ನಿಧಾನ ಹೇಳಿದರು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು. ಜೊತೆಗೆ ಯಾರು ಬಂದಿದ್ದಾರೆ ಅಂತ ಕೇಳಿದರು. ಯಾರೂ ಇಲ್ಲ ಅಂದೆ. ಮನೆಯಲ್ಲಿ ರವಿವಾರ ಪೇಠೆಗೆ ಮಾಲು ನೋಡಲು ಹೋಗುತ್ತೇನೆಂದು ಹೇಳಿ ಬಂದಿದ್ದೆ.

ರಂಗೂಬಾಯಿಯ ತಾಟು ಸಾಲಿನಲ್ಲೇ ಇತ್ತು. ಇದನ್ನು ಈಗ ಯಾರಿಗೆ ಹೇಳಲಿ?

೧೩ ಆಗಸ್ಟ್

ಔಷಧಿಯ ಸೀಸೆಯನ್ನು ಅಂಗಡಿಯಲ್ಲಿ ಫಾಲ್ ಪಟ್ಟಿಗಳ ಹಿಂದೆ ಇಟ್ಟಿದ್ದೇನೆ. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ. ಹನಿ ಬಿದ್ದದ್ದು ಕಣ್ಣಿಗಾದರೂ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಬರುತ್ತದೆ. ಪೂಜೆಗೆ ಮುಂಚೆ ಗಂಟಲಲ್ಲಿ ನೀರು ಕೂಡ ಇಳಿಯಬಾರದು ಅನ್ನುವ ಮನೆಯಲ್ಲಿ ಬೆಳೆದವನು ನಾನು. ಆದ್ದರಿಂದ ಬೆಳಗಿನ ಹನಿ ಅಂಗಡಿಗೆ ಬಂದ ಮೇಲೆ. ಗಿರಾಕಿಗಳಿದ್ದರೆ ಅದೂ ತಪ್ಪುತ್ತದೆ. ನಿನ್ನೆ ಶ್ರಾವಣ ಸೋಮವಾರ, ಉಪವಾಸ, ಎರಡೂ ಹೊತ್ತು ಹಾಕಲಿಲ್ಲ. ಶಿವನಿಗೆ ಗೊತ್ತಿದೆ.

೨೮ ಅಕ್ಟೋಬರ್

ಒತ್ತಡ ಇಳಿದಿಲ್ಲ. ಹನಿ ಸರಿಯಾಗಿ ಹಾಕುತ್ತೀರಾ ಅಂತ ಡಾಕ್ಟರು ಕೇಳಿದಾಗ ಹೌದು ಅನ್ನಲು ಬಾಯಿ ತೆರೆದು, ಯಾಕೋ ಗಂಟಲಿನ ಕಹಿಯ ಸಂಗತಿ ಹೇಳಿಬಿಟ್ಟೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಹನಿ ಹಾಕಿದ ಮೇಲೆ ಮೂಗಿನ ಪಕ್ಕ ಕಣ್ಣಿನ ಮೂಲೆಯನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಗಂಟಲಿಗೆ ಇಳಿಯುವುದಿಲ್ಲ ಅಂತ ತೋರಿಸಿಕೊಟ್ಟರು. ಇಷ್ಟೇ. ಜೂನ್ ತಿಂಗಳಲ್ಲಿ ಕೇಳಿದ್ದರೆ ಜೂನ್ ತಿಂಗಳಲ್ಲೇ ಹೇಳುತ್ತಿದ್ದರು. ಶಿವನ ಹೆಸರು ಹೇಳಿ ಕಣ್ಣು ಕಳೆದುಕೊಂಡವನು ಪುಣೆಯಲ್ಲಿ ನಾನೊಬ್ಬನೇ ಇರಬೇಕು.

ಇನ್ನು ಬರೀ ಹನಿಯಿಂದ ಆಗುವುದಿಲ್ಲವಂತೆ. ಮೂರು ದಾರಿ ಹೇಳಿದರು. ಒಂದು ಲೇಸರ್, ಜರಡಿಗೆ ಬೆಳಕು ಹೊಡೆದು ಸಡಿಲಿಸುವುದು. ಕೂತ ಕುರ್ಚಿಯಲ್ಲೇ ಮುಗಿಯುತ್ತದೆ, ಆದರೆ ಎಲ್ಲರಿಗೂ ಹಿಡಿಸುವುದಿಲ್ಲ, ಹಿಡಿಸಿದರೂ ಬರಬರುತ್ತ ಅದರ ಗುಣ ಇಳಿಯುತ್ತದೆ. ಇನ್ನೊಂದು ಈಚೆಗೆ ಬಂದ ಆಪರೇಶನ್. ಕಣ್ಣಿನ ಗೋಡೆಯನ್ನು ಪೂರಾ ತೂತು ಮಾಡದೆ ಒಂದು ಕಡೆ ತೆಳ್ಳಗೆ ಕೆತ್ತಿ ನೀರು ಜಿನುಗುವಂತೆ ಮಾಡುವುದು. ತೊಂದರೆ ಕಡಿಮೆ, ಒತ್ತಡ ಇಳಿಯುವುದೂ ಕಡಿಮೆ. ಕಡೆಯದು ಹಳೆಯ ಆಪರೇಶನ್. ಗೋಡೆಗೆ ಸಣ್ಣ ಬಾಗಿಲು ಕೊರೆದು ಮೇಲೆ ಮುಚ್ಚಳ ಹೊಲಿಯುವುದು. ಒತ್ತಡ ಚೆನ್ನಾಗಿ ಇಳಿಯುತ್ತದೆ, ಒಮ್ಮೊಮ್ಮೆ ಅತಿಯಾಗಿಯೇ ಇಳಿದು ಪೇಚಾಗುತ್ತದೆ, ಸೋಂಕಾಗದಂತೆ ಜನ್ಮವಿಡೀ ಎಚ್ಚರ ಬೇಕು. ಬಟ್ಟೆಯವನಿಗೆ ಇದು ಬೇಗ ತಿಳಿಯಿತು. ಒಂದು ಗಂಜಿ ತೊಳೆದು ನೂಲು ಬಿಡಿಸುವುದು, ಒಂದು ಉಜ್ಜಿ ತೆಳ್ಳಗೆ ಮಾಡುವುದು, ಒಂದು ಕತ್ತರಿ ಹಾಕಿ ಗುಂಡಿಯ ಕಾಜಾ ಹೊಲಿಯುವುದು.

ಹೊರಗೆ ಬಂದರೆ ಬೆಂಚಿನ ಮೇಲೆ ಅಂಬಣ್ಣ. ಕಪ್ಪು ಕನ್ನಡಕ, ಪಕ್ಕದಲ್ಲಿ ಲೋಣಾವಳಾದಲ್ಲಿ ಹೋಟೆಲಿಟ್ಟಿರುವ ರಘುರಾಮ ಅನ್ನುವ ಉಡುಪಿ ಕಡೆಯವರು. ಅಂಬಣ್ಣನಿಗೆ ಹಳೆಯ ಆಪರೇಶನ್ ಆಗಿದೆ, ಅವರಿಗೆ ಹೊಸದು. ಇಬ್ಬರೂ ಸಂತೆಯಲ್ಲಿ ಎತ್ತು ಹೋಲಿಸುವವರ ಹಾಗೆ ಕಣ್ಣು ಹೋಲಿಸುತ್ತಿದ್ದರು.

"ನಂದು ಒತ್ತಡ ಹತ್ತಕ್ಕ ಇಳದದ. ನಿಮ್ಮದೆಷ್ಟು?" ಅಂದ ಅಂಬಣ್ಣ.

"ನನ್ನದು ಹದಿನಾರು. ಆದರೆ ನಾನು ವಾರದೊಳಗೆ ಹೋಟೆಲಿನ ಗಲ್ಲಾದ ಮೇಲೆ ಕೂತಿದ್ದೇನೆ ಮಾರಾಯ್ರೆ. ಹೆಂಡತಿ ಒಬ್ಬಳಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ."

"ನಾ ಒಂದ್ ತಿಂಗಳು ಕೂಸಿನಂಗ ಮಲಗಿದ್ದೆ. ಬಗ್ಗಂಗಿಲ್ಲ, ಎತ್ತಂಗಿಲ್ಲ. ಇಡೀ ಓಣಿ ನೋಡಾಕ ಬಂದಿತ್ತು. ಅಯ್ಯ ಸಿದ್ರಾಮಪ್ಪ, ನೀ ಇಲ್ಲಿ?"

ಚಾಳೀಸು ಬದಲಿಸಲು ಬಂದಿದ್ದೆ ಅಂದೆ. ಅಂಬಣ್ಣ ಕಪ್ಪು ಕನ್ನಡಕದ ಮೇಲಿನಿಂದ ನನ್ನ ಕೈಯ ಕಾಗದ ನೋಡಿದ.

ರಿಕ್ಷಾದಲ್ಲಿ ಕೂತು ಮೂರನ್ನೂ ತೂಗಿ ನೋಡಿದೆ. ಲೇಸರಿಗೆ ಯಾರಿಗೂ ಹೇಳಬೇಕಿಲ್ಲ. ಹೊಸ ಆಪರೇಶನ್ನಿಗೆ ಒಬ್ಬರಿಗೆ ಹೇಳಬೇಕು. ಹಳೆಯದಕ್ಕೆ ಓಣಿಗೇ ಹೇಳಬೇಕು. ಲೇಸರ್ ಒಳ್ಳೆಯದು ಅನ್ನಿಸುತ್ತದೆ.

೧೪ ನವೆಂಬರ್

ಆಯಿತು. ಎರಡೂ ಕಣ್ಣಿಗೆ. ಹಸಿರು ಮಿಂಚು, ಅಷ್ಟೇ. ಊಟದ ಹೊತ್ತಿಗೆ ಅಂಗಡಿಯಲ್ಲಿದ್ದೆ. ಯಾರಿಗೂ ಸುಳಿವು ಹತ್ತಲಿಲ್ಲ.

೧೫ ಜನವರಿ ೨೦೦೩

ನಿನ್ನೆ ಸಂಕ್ರಾಂತಿ. ನೆರೆಯವರೆಲ್ಲ ಬಂದು ತಿಳಗೂಳ, ಅಂದರೆ ನಮ್ಮ ಎಳ್ಳುಬೆಲ್ಲ, ಕೊಟ್ಟು ಹೋದರು. ಸೊಸೆಯಾಗಬೇಕಾದ ಹುಡುಗಿಯ ಮನೆಯಿಂದಲೂ ಬಂತು. ಇವಳು ಮಾತ್ರ ಈ ಸಲ ನನಗೆ ಎಳ್ಳು ಕೊಡಲೇ ಇಲ್ಲ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಟೀವಿ ನೋಡುತ್ತ ಕೂತು ಕಾದೆ. ಕೇಳಿ ಇಸಿದುಕೊಳ್ಳುವ ವಯಸ್ಸೇ ನನ್ನದು? ನಾನೂ ಸುಮ್ಮನಿದ್ದೆ.

ಸಂಜೆ ನೋಡಿದರೆ ಕಣ್ಣು ಕೆಂಪಗೆ ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಹೊಗೆ ಇಲ್ಲದ ಮನೆಯಲ್ಲಿ ಕಣ್ಣು ಕೆಂಪಗಾಗಲು ಏನು ಕಾರಣವೋ. ಹೆಂಗಸರ ಸಿಟ್ಟು ನನಗೆ ತಿಳಿಯುವುದಿಲ್ಲ.

೪ ಮೇ

ಬಸವ ಜಯಂತಿ. ಮೊಳಕಾಲು ನೋವೆಂದು ಹೇಳಿ ಮನೆಯಲ್ಲೇ ಉಳಿದೆ. ಇವಳೊಬ್ಬಳೇ ಹೋಗಿ ಬಂದಳು. ಹುಗ್ಗಿ ಯಾರು ಬಡಿಸಿದರು ಅಂತ ಕೇಳಲು ಧೈರ್ಯವಾಗಲಿಲ್ಲ.

೨೨ ಜುಲೈ

ಲೇಸರಿಗೆ ಬಲಗಣ್ಣು ಒಗ್ಗಿದೆ, ಎಡಗಣ್ಣು ಒಗ್ಗಿಲ್ಲ. ಅದರಲ್ಲಿ ಒತ್ತಡ ಮತ್ತೆ ಏರಿದೆ. ನಡುವಿನ ಚಿಕ್ಕ ಬೆಳಕೂ ಹೋಗುವ ಮುಂಚೆ ಆಪರೇಶನ್ ಆಗಬೇಕು ಅಂದರು.

ಹೊಸದನ್ನು ಮಾಡಿ ಅಂದೆ. ಲೋಣಾವಳಾದವರಿಗೆ ಮಾಡಿದ್ದೀರಲ್ಲ.

ಅವರಿಗೆ ಬೇನೆ ಇನ್ನೂ ಮೊದಲ ಹಂತದಲ್ಲಿತ್ತು, ಅವರ ನರಕ್ಕೆ ಹದಿನಾರು ಸಾಕು, ನಿಮ್ಮ ನರಕ್ಕೆ ಸಾಲದು ಅಂದರು ಡಾಕ್ಟರು. ಹಳೆಯದೇ ಆಗಬೇಕು. ಎರಡು ತಾಸಿಗೊಮ್ಮೆ ಹನಿ ಹಾಕಲು, ಕಣ್ಣು ಕೆಂಪಾದರೆ ತಕ್ಷಣ ಕರೆತರಲು ಮನೆಯವರು ಬೇಕು. ಮುಂದಿನ ಸಲ ಅವರನ್ನು ಕರೆದುಕೊಂಡು ಬನ್ನಿ. ನಾನು ಮತ್ತೆ ಹೊಸದರ ಮಾತೆತ್ತಿದೆ. ಅವರು ಪೆನ್ನು ಕೆಳಗಿಟ್ಟರು.

"ಕಾಕಾ, ನಾನು ಒತ್ತಡ ನೋಡಿ ಆರಿಸುತ್ತಿದ್ದೇನೆ. ನೀವು ಏನು ನೋಡಿ ಆರಿಸುತ್ತಿದ್ದೀರಿ?"

ಉತ್ತರ ಇತ್ತು, ಹೇಳುವಂಥದ್ದಾಗಿರಲಿಲ್ಲ. ಹೆಂಡತಿ ನನ್ನ ಕೈ ಹಿಡಿದು ಸಂಡಾಸಿಗೆ ಕರೆದೊಯ್ಯುವುದು, ಓಣಿಯ ಜನ ಬಾಗಿಲಲ್ಲಿ ನಿಂತು ಚು ಚು ಅನ್ನುವುದು, ರಂಗೂಬಾಯಿ ಬಂದು ನೋಡುವುದು. ಇವೇ ನನ್ನ ಕಣ್ಣಮುಂದೆ ಇದ್ದದ್ದು. ಕಣ್ಣು ಹೋದರೂ ಪರವಾಗಿಲ್ಲ, ಮಾನ ಉಳಿಯಲಿ ಅಂತ ಲೆಕ್ಕ ಹಾಕುತ್ತಿದ್ದೆ. ಹೀಗೆ ಬರೆದಾಗ ಎಂಥ ದಡ್ಡತನ ಅನ್ನಿಸುತ್ತದೆ. ಆದರೂ ಮನೆಯಲ್ಲಿ ಹೇಳಿಲ್ಲ.

೧೦ ಆಗಸ್ಟ್

ಇವತ್ತಿನದು ಪೂರ್ತಿ ಬರೆಯಬೇಕು.

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅಂಬಣ್ಣ ಬಂದ. ಚಪ್ಪಲಿ ಬಿಡುತ್ತಲೇ, "ಎಡಗಣ್ಣಿಂದು ಯಾವಾಗ ಮಾಡ್ತಾರಂತ? ನಾ ಡಾಕ್ಟರ ಕಡೆ ಹೋಗಿದ್ದೆ, ನಿನ್ನ ತಾರೀಖು ಇನ್ನೂ ಹಾಕಿಲ್ಲಂತ ಕಂಪೌಂಡರ ಅಂದ," ಅಂದ. ನಾನು ಕಣ್ಣಿನಿಂದ ಸನ್ನೆ ಮಾಡಿದೆ. ಕಪ್ಪು ಕನ್ನಡಕದವನಿಗೆ ಸನ್ನೆ ಎಲ್ಲಿ ತಿಳಿಯಬೇಕು. ಕಾಚಬಿಂದು, ಲೇಸರು, ಕಪ್ಪು ಕಾಗದ, ಎಲ್ಲ ಒಂದೇ ಉಸಿರಿನಲ್ಲಿ ಹೊರಗೆ ಬಂತು.

ಅವನು ಹೋದ ಮೇಲೆ ಇವಳು ಬಾಗಿಲಿಗೆ ಅಗಳಿ ಹಾಕಿ ಬಂದು ನನ್ನೆದುರು ಕೂತಳು. ಬೈಯುತ್ತಾಳೆ ಅಂದುಕೊಂಡೆ.

"ಎಡಗಡೆ ಏನೂ ಕಾಣಂಗಿಲ್ಲೇನ್ರಿ?"

"ಅಷ್ಟೊಂದು ಕಾಣಂಗಿಲ್ಲ."

"ಯಾವಾಗಿಂದ?"

"ಗೊತ್ತಿಲ್ಲ. ಎರಡು ವರ್ಷ ಆಗಿರಬೇಕು."

ಅವಳು ಸ್ವಲ್ಪ ಹೊತ್ತು ತನ್ನ ಬಳೆ ತಿರುಗಿಸುತ್ತ ಕೂತಳು. ಆಮೇಲೆ ಎದ್ದು ನನ್ನ ಎಡಕ್ಕೆ ಬಂದು ನಿಂತಿರಬೇಕು, ಏಕೆಂದರೆ ದನಿ ಅತ್ತಲಿಂದ ಬಂತು. "ಈಗ ನಾ ಕಾಣ್ತೀನೇನು?"

ಇಲ್ಲ ಅಂದೆ.

"ಇಲ್ಲೇ ನಿಂತಿದ್ದೆ ನೋಡ್ರಿ. ಸಂಕ್ರಾಂತಿಗೆ. ಎಳ್ಳು ಹಿಡ್ಕೊಂಡು ಇಲ್ಲೇ ನಿಂತಿದ್ದೆ. ನೀವು ಟೀವಿ ನೋಡ್ಕೋತ ಕುಂತಿರಿ, ಕೈ ಚಾಚಲಿಲ್ಲ. ನಾ ತಗೋರಿ ಅನ್ನಲಿಲ್ಲ. ಕೈ ಚಾಚದವರಿಗೆ ಏನಂತ ಅನ್ನೂದು?"

ಅವಳು ಮತ್ತೆ ನನ್ನೆದುರು ಬಂದು ಕೂತಳು.

"ಅದಕ್ಕೂ ಮೊದಲ. ಚಹಾ ಇಟ್ರ ನೋಡಂಗಿಲ್ಲ. ಪಕ್ಕಕ್ಕ ಕುಂತ್ರ ಮಾತಾಡಂಗಿಲ್ಲ. ದಾಸೋಹದಾಗ ನಿಮ್ಮ ಕಾಲು ತೊಳದೆ, ಎಲ್ಲಾರ ಎದುರು ತೊಳದು ನಿಮಗ ನಾಚಿಕಿ ಮಾಡಿದೆ, ಅದಕ್ಕ ನನ್ನ ಮ್ಯಾಲ ಸಿಟ್ಟು ಹಿಡದಾರ ಅಂತ ತಿಳ್ಕೊಂಡೆ. ಯಾರ ಮುಂದ ಹೇಳ್ಕೊಳ್ಳಲಿ? ಗಂಡ ಮಾರಿ ನೋಡಂಗಿಲ್ಲ ಅಂತ ಈ ವಯಸ್ಸಿನ್ಯಾಗ ಹೇಳ್ಕೊಂಡ್ರ ಜನ ನಗ್ತಾರ."

ಅವಳು ಅಳಲಿಲ್ಲ, ನಾನು ಅತ್ತೆ. ನನ್ನ ಮಾನ ಮಾನ ಅಂತ ಒಂದು ವರ್ಷ ಮುಚ್ಚಿಟ್ಟೆ, ಆ ವರ್ಷವೆಲ್ಲ ಇವಳು ಇದೇ ಮನೆಯಲ್ಲಿ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದಳು. ತಾಟಿನಲ್ಲಿ ಕಾಲಿಟ್ಟದ್ದು ಒಂದೇ ಸಲ ಅಂದುಕೊಂಡಿದ್ದೆ. ದಿನಾ ಇಟ್ಟಿದ್ದೇನೆ.

೧೯ ಆಗಸ್ಟ್

ಡಾಕ್ಟರ ಬಳಿಗೆ ಇಬ್ಬರೂ ಹೋದೆವು. ಇವಳಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆಂದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಮೂರೂ ದಾರಿ ಮತ್ತೆ ಹೇಳಿಸಿಕೊಂಡಳು. ಹಳೆಯದರಲ್ಲಿ ಕೆಡುಕು ಏನು, ಸೋಂಕಾದರೆ ಹೇಗೆ ಗೊತ್ತಾಗುತ್ತದೆ, ಆಪರೇಶನ್ ಮಾಡಿಸದಿದ್ದರೆ ಏನು, ಎಲ್ಲ ಕೇಳಿದಳು. ನಾನು ಒಂದನ್ನೂ ಕೇಳಿರಲಿಲ್ಲ. ಎಷ್ಟು ಜನಕ್ಕೆ ಗೊತ್ತಾಗುತ್ತದೆ ಅನ್ನುವುದನ್ನು ಮಾತ್ರ ಅವಳು ಕೇಳಲಿಲ್ಲ.

ಹಳೆಯದಕ್ಕೇ ತಾರೀಖು ಹಾಕಿಸಿ ಬಂದೆವು.

೮ ಸೆಪ್ಟೆಂಬರ್

ಆಪರೇಶನ್ ಆಯಿತು. ಹೆಚ್ಚು ಬರೆಯಬಾರದು ಅಂದಿದ್ದಾರೆ.

೧೫ ಸೆಪ್ಟೆಂಬರ್

ಒತ್ತಡ ಹನ್ನೊಂದು. ಹನಿ ಹಾಕುವುದು ಇವಳು. ಕಣ್ಣಿನ ಮೂಲೆಯನ್ನು ಒತ್ತಿ ಹಿಡಿಯುವುದೂ ಇವಳೇ, ಇವಳ ಬೆರಳಿಗೆ ಬೆಳ್ಳುಳ್ಳಿ ವಾಸನೆ ಇರುತ್ತದೆ. ಪೂಜೆಗೆ ಮುಂಚೆ ಹಾಕಿದರೂ ಗಂಟಲಿಗೆ ಕಹಿ ಬರುವುದಿಲ್ಲ. ಓಣಿಯ ಜನ ಬಂದರು, ಕೂತರು, ಚಹಾ ಕುಡಿದು ಹೋದರು. ಸಾಯುವಂಥದ್ದು ಏನೂ ಆಗಲಿಲ್ಲ.

೩೦ ನವೆಂಬರ್

ಕಾತ್ರಜ್ ಚೌಕಿನವರೆಗೆ ಹೋಗಿ ಸೊಪ್ಪು ತಂದೆವು. ಇವಳು ನನ್ನ ತೋಳು ಹಿಡಿದು ಎಡಗಡೆ ನಡೆದಳು, ಅತ್ತ ಕಡೆ ರಿಕ್ಷಾಗಳ ಕಾಟ ಬಹಳ. ಮೆಂತ್ಯ ಸೊಪ್ಪು ಚೆನ್ನಾಗಿತ್ತು.

೮ ಫೆಬ್ರವರಿ ೨೦೦೪

ಅಮರ ಮದುವೆಗೆ ಮುಂಚೆ ಕೊಂಢವಾದಲ್ಲಿ ಮನೆ ಮಾಡಿದ್ದಾನೆ. ಇಂದು ಅದರ ವಾಸ್ತುಶಾಂತಿ. ಸಮಾಜದ ಜನವೆಲ್ಲ ಬಂದಿದ್ದರು. ದಂಪತಿಯಾಗಿ ನಾವೇ ಕೂರಬೇಕು ಅಂದರು ಸ್ವಾಮಿಗಳು. ಎರಡು ಮಣೆ ಹಾಕಿದ್ದರು. ನಾನು ಎಡಗಡೆಯ ಮಣೆಯ ಮೇಲೆ ಕೂತೆ, ಇವಳಿಗೆ ಬಲಗಡೆಯದನ್ನು ತೋರಿಸಿದೆ. ಇವಳು ಒಂದು ಗಳಿಗೆ ಹಿಂಜರಿದು ಕೂತಳು.

ಹೆಂಗಸರ ಗುಂಪಿನಿಂದ ರಂಗೂಬಾಯಿಯ ದನಿ ಬಂತು. "ಶಿವಗಂಗವ್ವ, ಏನ್ ಮಾಡಲಾಕತ್ತಿ? ಹೆಂಡ್ತಿ ಆದಾಕಿ ಗಂಡನ ಎಡಕ್ಕ ಕುಂದರಬೇಕು. ಏಳು, ಆ ಕಡೆ ಬಾ."

ಇವಳು ಏಳಲು ಹೊರಟಳು. ನಾನು ಕೈ ಹಿಡಿದೆ. ಅಷ್ಟು ಜನರ ನಡುವೆ ಇವಳ ಕೈ ಹಿಡಿದದ್ದು ಮದುವೆಯ ದಿನ ಬಿಟ್ಟರೆ ಇಂದೇ. ನಾಚಿಕೆ ಎಲ್ಲೂ ಹೋಗಿರಲಿಲ್ಲ, ಎದೆಯ ಮೇಲೆಯೇ ಕೂತಿತ್ತು.

"ನನಗ ಎಡಗಡೆ ಕಾಣಂಗಿಲ್ರಿ," ಅಂದೆ. "ಆ ಕಡೆ ಕುಂತ್ರ ಆಕಿ ನನಗ ಕಾಣಂಗಿಲ್ಲ."

ಸ್ವಾಮಿಗಳು ಕೈಯಲ್ಲಿ ಅಕ್ಷತೆ ಹಿಡಿದು ಹಾಗೇ ನಿಂತಿದ್ದರು. ರಂಗೂಬಾಯಿ ಮುಂದೆ ಬಂದು ನನ್ನ ಮುಖವನ್ನೇ ನೋಡಿದಳು.

"ಆವತ್ತು ನನ್ನ ತಾಟಿನ್ಯಾಗ ಕಾಲಿಟ್ಟದ್ದು ಅದಕ್ಕೇನು?"

"ಹೌದ್ರಿ. ತಪ್ಪು ನಂದು, ಬೈದದ್ದು ನಿಮಗ."

"ಅಷ್ಟು ಆವತ್ತೇ ಹೇಳಿದ್ರ ಬ್ಯಾರೆ ತಾಟು ಹಾಕಿಸ್ಕೊಂಡು ಉಣ್ತಿದ್ದೆ," ಅಂದಳು. "ಉಪವಾಸ ಮನಿಗೆ ಹೋದೆ ನಾ." ಆಮೇಲೆ ಸ್ವಾಮಿಗಳ ಕಡೆ ತಿರುಗಿ, "ಬಲಕ್ಕೇ ಕುಂದರಲಿ ಬಿಡ್ರಿ. ಶಿವ ಏನೂ ಅನ್ನಂಗಿಲ್ಲ," ಅಂದು ಹಿಂದೆ ಹೋದಳು.

ಮಂತ್ರ ಶುರುವಾಯಿತು. ನಾನು ಬಲಕ್ಕೆ ತಿರುಗಿದೆ. ಇವಳು ನಮ್ಮ ಅಂಗಡಿಯ ಹಸಿರು ಇಳಕಲ್ ಸೀರೆ ಉಟ್ಟು ತಲೆಯ ಮೇಲೆ ಸೆರಗು ಹೊದ್ದಿದ್ದಳು. ಕಿವಿಯ ಮುಂದಿನ ಕೂದಲು ಪೂರಾ ಬೆಳ್ಳಗಾಗಿತ್ತು. ಕೆನ್ನೆಯ ಮೇಲೆ ನಾನು ಎಂದೂ ನೋಡಿರದ ಒಂದು ಗೆರೆ ಇತ್ತು.

"ಏನ್ ನೋಡಲಾಕತ್ತೀರಿ? ಸ್ವಾಮಿಗಳ ಕಡೆ ನೋಡ್ರಿ," ಅಂದಳು ತುಟಿ ಅಲುಗಿಸದೆ.

"ಕೂದಲು ಯಾವಾಗ ಬೆಳ್ಳಗಾತು?"

"ಭಾಳ ದಿನ ಆತ್ರಿ."

ಸ್ವಾಮಿಗಳು ಅಕ್ಷತೆ ಹಾಕುವವರೆಗೂ ನಾನು ಬಲಕ್ಕೇ ನೋಡುತ್ತ ಕೂತಿದ್ದೆ.